ಅಕ್ವೇರಿಯಂ ಗಾಜಿನ ಮೇಲೆ ಬಿಳಿ ಹುಳ ಕಂಡರೆ ಟ್ಯಾಂಕ್ ಖಾಲಿ ಮಾಡಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ 60 ಲೀಟರಿನ ಅಕ್ವೇರಿಯಂ ಇದೆ. ಇಟ್ಟು ನಾಲ್ಕು ತಿಂಗಳಾಯ್ತು. ಹತ್ತು ಗಪ್ಪಿ, ಆರು ನಿಯಾನ್ ಟೆಟ್ರಾ, ಒಂದಷ್ಟು ಕೆಂಪು ಚೆರ್ರಿ ಸೀಗಡಿ ಇವೆ. ದಿನಕ್ಕೆ ಮೂರು ಸಲ ಫುಡ್ ಹಾಕುತ್ತೇವೆ. ಗಪ್ಪಿ ಮರಿ ಹಾಕಿದ್ದರಿಂದ ಮರಿಗಳನ್ನು ಟ್ಯಾಂಕಿನೊಳಗೇ ಬಲೆಯ ಡಬ್ಬಿಯಲ್ಲಿಟ್ಟು ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಕೊಡುತ್ತಿದ್ದೇನೆ. ತಿಂಗಳ ಹಿಂದೆ ಹೊಸ ಗಿಡ ತಂದು ನೆಟ್ಟೆ. ಈಗ ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಮೇಲೆಲ್ಲ ಕೂದಲಿನಷ್ಟು ತೆಳ್ಳಗಿನ ಬಿಳಿ ಹುಳಗಳು. ನೀರಿನಲ್ಲಿ ಬಿಳಿ ಚುಕ್ಕಿಗಳು ಕುಪ್ಪಳಿಸುತ್ತವೆ. ಎಲ್ಲಿ ನೋಡಿದರೂ ಪುಟ್ಟ ಬಸವನಹುಳು. ಮರಿಗಳ ಡಬ್ಬಿಗೆ ದಾರದಂಥ ಕೈಗಳಿರುವ ಏನೋ ಅಂಟಿಕೊಂಡಿದೆ. ಹೋದ ವಾರ ಎರಡು ಗಪ್ಪಿ ಸತ್ತವು. ಉಳಿದವೂ ಬೆಳಿಗ್ಗೆ ಹೊತ್ತು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ನೀರೆಲ್ಲ ಚೆಲ್ಲಿ, ಜಲ್ಲಿ ಕುದಿಸಿ, ಹುಳದ ಔಷಧಿ ಹಾಕಿ ಅಂತ ಮೀನು ಮಾರುವವರು ಹೇಳಿದರು. ಇವು ಮೀನಿನ ಹೊಟ್ಟೆಯಿಂದ ಬಂದ ಹುಳ ಅಂತ ಇನ್ನೊಬ್ಬರು. ಆರು ವರ್ಷದ ಮಗ ದಿನಾ ಟ್ಯಾಂಕಿಗೆ ಕೈ ಹಾಕುತ್ತಾನೆ. ಭಯವಾಗುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಟ್ಯಾಂಕ್ ಖಾಲಿ ಮಾಡಬೇಡಿ. ಜಲ್ಲಿ ಕುದಿಸಬೇಡಿ. ಔಷಧಿ ತಂದಿದ್ದರೆ ಮುಚ್ಚಳ ತೆಗೆಯದೆ ಪಕ್ಕಕ್ಕಿಡಿ.

ನೀವು ನಾಲ್ಕು ಬೇರೆ ಬೇರೆ ಜೀವಿಗಳ ಬಗ್ಗೆ ಬರೆದಿದ್ದೀರಿ. ಜೊತೆಗೆ ಎರಡು ಮೀನಿನ ಸಾವು. ಎಲ್ಲವೂ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಕಣ್ಣಿಗೆ ಬಿದ್ದಿದ್ದರಿಂದ ಒಂದಕ್ಕೊಂದು ಗಂಟು ಬಿದ್ದಿದೆ. ಹುಳ ಬಂತು, ಮೀನು ಸತ್ತಿತು, ಹಾಗಾದರೆ ಹುಳವೇ ಕೊಂದಿರಬೇಕು ಅಂತ. ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಎರಡು ವಿಷಯಗಳನ್ನು ನೀವೇ ಬರೆದಿದ್ದೀರಿ, ಬಹುಶಃ ಅವನ್ನು ಜೋಡಿಸಿ ನೋಡಿಲ್ಲ. ಹುಳ ಗಾಜಿನ ಮೇಲೆ ಕಾಣುವುದು ಬೆಳಿಗ್ಗೆ. ಮೀನು ಮೇಲೆ ಬಂದು ಬಾಯಿ ಬಿಡುವುದೂ ಬೆಳಿಗ್ಗೆ. ನನ್ನ ಅನುಮಾನವೆಲ್ಲ ಈ ಬೆಳಿಗ್ಗೆಯ ಮೇಲೇ.

ಅದಕ್ಕೆ ಹೋಗುವ ಮುಂಚೆ ಯಾವುದು ಯಾವ ಹುಳ ಅಂತ ಗೊತ್ತಾಗಬೇಕು. ನನಗೆ ಬರುವ ಹೆಚ್ಚಿನ ಫೋಟೋಗಳಲ್ಲಿ ಒಂದು ಬಿಳಿ ಗೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಫೋಟೋಗಿಂತ ಐದು ನಿಮಿಷ ಕೂತು ನೋಡುವುದು ವಾಸಿ. ರಾತ್ರಿ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿಯಿರಿ. ಡ್ರಾಪರ್ ಇಲ್ಲವೇ ಸೂಜಿ ತೆಗೆದ ಸಿರಿಂಜಿನಿಂದ ಒಂದೆರಡನ್ನು ಹೀರಿ ಬಿಳಿ ಬಟ್ಟಲಿಗೆ ಹಾಕಿ. ಭೂತಗನ್ನಡಿ ಇದ್ದರೆ ಸಾಕು, ಮೈಕ್ರೋಸ್ಕೋಪ್ ಬೇಕಿಲ್ಲ. ಬಣ್ಣಕ್ಕೆ ಜಾಸ್ತಿ ಗಮನ ಕೊಡಬೇಡಿ. ಇವುಗಳಲ್ಲಿ ಮುಕ್ಕಾಲು ಪಾಲು ಬಿಳಿಯೇ. ಹೇಗೆ ಚಲಿಸುತ್ತದೆ ಅನ್ನುವುದನ್ನು ನೋಡಿ. ಹಾವಿನ ಹಾಗೆ ಹೊಯ್ದಾಡುತ್ತದಾ, ಗಾಜಿಗೆ ಅಂಟಿಕೊಂಡು ಜಾರಿಕೊಂಡು ಹೋಗುತ್ತದಾ, ಕುಪ್ಪಳಿಸುತ್ತದಾ, ಕೂತಲ್ಲೇ ಕೂತಿರುತ್ತದಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಿಮ್ಮ ಕೂದಲಿನಂಥ ಹುಳ ನೀರಿಗೆ ಬಿಟ್ಟಾಗ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಹೊರಳುತ್ತಾ ಈಜಿದರೆ, ಮೈಯಲ್ಲಿ ಸಣ್ಣ ಸಣ್ಣ ಉಂಗುರಗಳು ಕಂಡರೆ, ತಲೆ ಯಾವುದು ಬಾಲ ಯಾವುದು ಅಂತ ಸುಲಭಕ್ಕೆ ಗೊತ್ತಾಗದಿದ್ದರೆ, ಅದು ಡೆಟ್ರಿಟಸ್ ವರ್ಮ್. ಎರೆಹುಳುವಿನ ದೂರದ ನೆಂಟ. ಮೀನಿಗೆ ತಿನ್ನಿಸುವ ಟ್ಯೂಬಿಫೆಕ್ಸ್ ಹುಳ ಕೂಡ ಇದೇ ಬಳಗದ್ದು. ನಾಲ್ಕು ತಿಂಗಳು ನಡೆದ ಯಾವ ಟ್ಯಾಂಕಿನ ಜಲ್ಲಿಯನ್ನು ಕೆದಕಿದರೂ ಇದು ಸಿಗುತ್ತದೆ. ಮಿಕ್ಕಿದ ಫುಡ್, ಮೀನಿನ ಹಿಕ್ಕೆ, ಕೊಳೆತ ಎಲೆ ತಿಂದು ಬದುಕುತ್ತದೆ. ಮೀನನ್ನು ಕಚ್ಚುವುದಿಲ್ಲ, ಸೀಗಡಿಗೂ ತೊಂದರೆ ಕೊಡುವುದಿಲ್ಲ. ಅಂದರೆ ಈ ಹುಳ ಹೊಸದಾಗಿ ಬಂದಿದ್ದಲ್ಲ. ಮೊದಲೂ ಇತ್ತು, ಜಲ್ಲಿಯ ಅಡಿಯಲ್ಲಿತ್ತು. ಕೇಳಬೇಕಾದ ಪ್ರಶ್ನೆ ಏನೆಂದರೆ, ಜಲ್ಲಿ ಬಿಟ್ಟು ಗಾಜು ಹತ್ತುವಂಥದ್ದು ಏನಾಯ್ತು?

ಉಸಿರು ಕಟ್ಟಿತು, ಅಷ್ಟೇ. ದಿನಕ್ಕೆ ಮೂರು ಸಲ ಹಾಕಿದ ಫುಡ್ಡಿನಲ್ಲಿ ಮೀನು ತಿಂದು ಉಳಿದದ್ದು ಜಲ್ಲಿಯ ಸಂದಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಕೊಳೆಸುತ್ತವೆ, ಕೊಳೆಸುವಾಗ ನೀರಿನ ಆಮ್ಲಜನಕ ಬಳಸುತ್ತವೆ. ಹಗಲು ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಏಕೆಂದರೆ ಗಿಡಗಳು ಬೆಳಕಿನಲ್ಲಿ ಆಮ್ಲಜನಕ ಬಿಡುತ್ತಿರುತ್ತವೆ. ಲೈಟ್ ಆರಿದ ಮೇಲೆ ಗಿಡಗಳೂ ಉಸಿರಾಡುವವರ ಸಾಲಿಗೆ ಸೇರುತ್ತವೆ. ಮೀನು, ಸೀಗಡಿ, ಬಸವನಹುಳು, ಬ್ಯಾಕ್ಟೀರಿಯಾ, ಗಿಡ ಎಲ್ಲವೂ ಸೇರಿ ರಾತ್ರಿಯಿಡೀ ಎಳೆದುಕೊಂಡರೆ ಬೆಳಗಿನ ಜಾವಕ್ಕೆ ಆಮ್ಲಜನಕ ತಳ ಕಂಡಿರುತ್ತದೆ. ಅದರಲ್ಲೂ ನೀರು ಬೆಚ್ಚಗಾದಷ್ಟೂ ಅದಕ್ಕೆ ಆಮ್ಲಜನಕ ಹಿಡಿಯುವ ಶಕ್ತಿ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 7.5. ಜಲ್ಲಿಯೊಳಗಂತೂ ನೀರು ಓಡಾಡುವುದೇ ಕಡಿಮೆ, ಹಾಗಾಗಿ ಮೊದಲು ಕಷ್ಟವಾಗುವುದು ಅಲ್ಲಿರುವ ಹುಳಗಳಿಗೆ. ಅವು ಮೇಲೆ ಬರುತ್ತವೆ. ಆಮೇಲೆ ಮೀನುಗಳೂ ಮೇಲೆ ಬರುತ್ತವೆ.

ಹೀಗಾಗಿ ಗಾಜಿನ ಮೇಲಿನ ಹುಳ ಮೀನನ್ನು ಕೊಂದಿರುವ ಸಾಧ್ಯತೆ ತೀರಾ ಕಡಿಮೆ. ಎರಡೂ ಒಂದೇ ತೊಂದರೆಯಿಂದ ಓಡಿಬರುತ್ತಿವೆ. ಆದರೆ ಗಪ್ಪಿ ಸತ್ತದ್ದಕ್ಕೆ ಆಮ್ಲಜನಕವೊಂದೇ ಕಾರಣ ಅಂತ ನೀರು ಪರೀಕ್ಷೆ ಮಾಡದೆ ಹೇಳುವುದು ತಪ್ಪು. ಇಷ್ಟು ಫುಡ್ ಬೀಳುವ ಟ್ಯಾಂಕಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡನ್ನೂ ನೋಡಲೇಬೇಕು. ಎರಡೂ ಸೊನ್ನೆ ಇರಬೇಕು. ನೈಟ್ರೈಟ್ ಇದ್ದರೆ ಮೀನಿನ ರಕ್ತ ಆಮ್ಲಜನಕ ಹೊರಲಾರದು. ನೀರಿನಲ್ಲಿ ಬೇಕಾದಷ್ಟು ಇದ್ದರೂ ಮೀನು ಏದುಸಿರು ಬಿಡುತ್ತದೆ. ವ್ಯತ್ಯಾಸ ತಿಳಿಯಲು ಸುಲಭದ ದಾರಿ ಇದೆ. ರಾತ್ರಿಯಿಡೀ ಏರ್ ಪಂಪ್ ಓಡಿಸಿ. ಮರುದಿನ ಬೆಳಿಗ್ಗೆ ಮೀನುಗಳು ಸಲೀಸಾಗಿ ಓಡಾಡುತ್ತಿದ್ದರೆ ಆಮ್ಲಜನಕದ ಕೊರತೆಯೇ. ಪಂಪ್ ಓಡುತ್ತಿದ್ದರೂ, ಮಧ್ಯಾಹ್ನವೂ ಬಾಯಿ ಬಿಡುತ್ತಿದ್ದರೆ ನೀರು ಕೆಟ್ಟಿದೆ ಅಥವಾ ಕಿವಿರಿಗೆ ಏನೋ ಆಗಿದೆ.

ಇನ್ನು ಮೀನಿನ ಹೊಟ್ಟೆಯಿಂದ ಬಂತು ಅನ್ನುವ ಮಾತು. ಮೀನಿನ ಕರುಳಿನಲ್ಲಿ ಹುಳ ಆಗುವುದು ನಿಜ. ಗಪ್ಪಿಯಂಥ ಮರಿ ಹಾಕುವ ಮೀನುಗಳಲ್ಲಿ ಕ್ಯಾಮಲಾನಸ್ ಅನ್ನುವ ಹುಳ ಆಗಾಗ ಕಾಣಿಸುತ್ತದೆ. ಆದರೆ ಅದು ಗಾಜಿನ ಮೇಲೆ ಓಡಾಡುವುದಿಲ್ಲ. ಮೀನು ಸುಮ್ನೆ ನಿಂತಿರುವಾಗ ಅದರ ಗುದದಿಂದ ಎರಡು ಮೂರು ಕೆಂಪು ದಾರದ ತುದಿಗಳು ಇಣುಕುತ್ತವೆ, ಮೀನು ಈಜಿದ ತಕ್ಷಣ ಒಳಗೆ ಎಳೆದುಕೊಳ್ಳುತ್ತವೆ. ಮೀನು ತಿಂದರೂ ಸೊರಗುತ್ತಾ ಹೋಗುತ್ತದೆ. ಇದು ಕಂಡರೆ ಮಾತ್ರ ಲೆವಾಮಿಸೋಲ್ ಥರದ ಔಷಧಿ ಬೇಕಾಗುತ್ತದೆ, ಅದನ್ನು ಮೀನಿನ ವೈದ್ಯರನ್ನು ಕೇಳಿಯೇ ಕೊಡಿ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ಇಲ್ಲ. ಆದರೂ ಒಂದು ಸಲ ಎಲ್ಲ ಗಪ್ಪಿಗಳ ಹಿಂಭಾಗ ನೋಡಿಬಿಡಿ, ಮನಸ್ಸಿಗೆ ನಿರಾಳ.

ಕುಪ್ಪಳಿಸುವ ಬಿಳಿ ಚುಕ್ಕಿಗಳ ಬಗ್ಗೆ ಚಿಂತೆ ಬಿಡಿ. ಜರ್ಕ್ ಹೊಡೆದ ಹಾಗೆ ಚಲಿಸಿದರೆ ಅವು ಕೋಪೆಪಾಡ್, ಅಂದರೆ ಸೈಕ್ಲಾಪ್ಸ್. ಭೂತಗನ್ನಡಿಯಲ್ಲಿ ಹೆಣ್ಣಿನ ಬಾಲದ ಎರಡೂ ಪಕ್ಕ ಒಂದೊಂದು ಮೊಟ್ಟೆಯ ಚೀಲ ಕಾಣುತ್ತದೆ. ಪುಟ್ಟ ಕಾಳಿನ ಹಾಗಿದ್ದು ಉರುಳಿಕೊಂಡು ಹೋದರೆ ಆಸ್ಟ್ರಕಾಡ್. ಎರಡೂ ಟೆಟ್ರಾಗಳಿಗೆ, ಗಪ್ಪಿ ಮರಿಗಳಿಗೆ ಒಳ್ಳೆಯ ಊಟ. ಮೀನುಗಳು ಇವನ್ನು ತಿಂದು ಮುಗಿಸದೆ ಬಿಟ್ಟಿವೆ ಅಂದರೆ ಹೊಟ್ಟೆ ತುಂಬಿ ಚೆಲ್ಲುವಷ್ಟು ಫುಡ್ ಬೀಳುತ್ತಿದೆ ಅಂತ ಅರ್ಥ.

ಮರಿಗಳ ಡಬ್ಬಿಗೆ ಅಂಟಿರುವುದರ ವಿಷಯ ಬೇರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಬೇಟೆಯಾಡುವುದು ಇದೊಂದೇ. ದಾರದಂಥ ಕೈಗಳು ಅಂತ ಬರೆದಿದ್ದೀರಿ. ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಕೈಗಳನ್ನೆಲ್ಲ ಒಳಗೆ ಎಳೆದುಕೊಂಡು ಸಾಸಿವೆ ಕಾಳಿನಷ್ಟು ಉಂಡೆಯಾಗಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಚಾಚಿಕೊಂಡರೆ ಅದು ಹೈಡ್ರಾ. ಜೆಲ್ಲಿಫಿಶ್ ಕುಟುಂಬದ್ದು. ಮೈ ಕೆಲವು ಮಿಲಿಮೀಟರ್, ಚೆನ್ನಾಗಿ ತಿಂದು ಬೆಳೆದರೆ ಒಂದು ಸೆಂಟಿಮೀಟರ್ ದಾಟುತ್ತದೆ. ಕೈಗಳ ತುಂಬ ಚುಚ್ಚುವ ಕೋಶಗಳಿವೆ. ಹತ್ತಿರ ಬಂದ ಸಣ್ಣ ಜೀವಿಯನ್ನು ಚುಚ್ಚಿ ಮರಗಟ್ಟಿಸಿ ಬಾಯಿಗೆ ತಳ್ಳುತ್ತದೆ. ನಮ್ಮ ಚರ್ಮಕ್ಕೆ ಅದು ಗೊತ್ತೂ ಆಗುವುದಿಲ್ಲ.

ಅದು ನಿಮ್ಮ ಟ್ಯಾಂಕಿಗೆ ಬಂದದ್ದು ಬಹುಶಃ ಗಿಡದ ಜೊತೆ. ಬೆಳೆದದ್ದು ನೀವು ಮರಿಗಳಿಗೆ ಹಾಕಿದ ಆರ್ಟೀಮಿಯಾ ತಿಂದು. ಜೀವಂತ ಆರ್ಟೀಮಿಯಾ ಮರಿಗಿಂತ ರುಚಿಯಾದದ್ದು ಹೈಡ್ರಾಕ್ಕೆ ಬೇರೊಂದಿಲ್ಲ. ಪ್ರಯೋಗಾಲಯಗಳಲ್ಲಿ ಹೈಡ್ರಾ ಸಾಕುವವರೂ ಅದನ್ನೇ ತಿನ್ನಿಸುತ್ತಾರೆ. ನಿಮ್ಮ ಗಪ್ಪಿ ಮರಿಗಳು ಹುಟ್ಟುವಾಗಲೇ 6–7 ಮಿಲಿಮೀಟರ್ ಇರುತ್ತವೆ, ಚುರುಕಾಗಿರುವ ಮರಿಯನ್ನು ಹೈಡ್ರಾ ನುಂಗುವುದು ಅಪರೂಪ. ಸೊರಗಿದ ಮರಿ, ಅದೂ ಇಕ್ಕಟ್ಟಾದ ಡಬ್ಬಿಯಲ್ಲಿ ಪದೇ ಪದೇ ತಾಗುತ್ತಿದ್ದರೆ ಕಷ್ಟ. ಹೆಚ್ಚು ಅಪಾಯ ಸೀಗಡಿ ಮರಿಗಳಿಗೆ. ಅವು ಹುಟ್ಟುವಾಗ 2 ಮಿಲಿಮೀಟರಿನ ಆಸುಪಾಸು. ಸೀಗಡಿ ಮೊಟ್ಟೆ ಹೊತ್ತುಕೊಂಡು ಓಡಾಡುತ್ತೆ, ಮರಿ ಮಾತ್ರ ಕಾಣೋದೇ ಇಲ್ಲ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಹೈಡ್ರಾ ಇರುತ್ತದೆ. ಅಥವಾ ಮರಿ ತಿನ್ನುವ ಮೀನುಗಳು, ಅದನ್ನೂ ಮರೆಯಬಾರದು.

ಹೈಡ್ರಾ ಕಂಡ ಕೂಡಲೇ ಕೈ ತಾನಾಗಿ ಬ್ಲೇಡಿಗೆ ಹೋಗುತ್ತದೆ. ಕೆರೆಯಬೇಡಿ. ಅಬ್ರಹಾಂ ಟ್ರೆಂಬ್ಲಿ ಅನ್ನುವವರು 1740ರ ದಶಕದಲ್ಲೇ ಇದನ್ನು ಕತ್ತರಿಸಿ ನೋಡಿ, ಪ್ರತಿ ತುಂಡೂ ಮತ್ತೆ ಪೂರ್ತಿ ಹೈಡ್ರಾ ಆಗುವುದನ್ನು ತೋರಿಸಿದ್ದರು. ನೀವು ಟ್ಯಾಂಕಿನೊಳಗೆ ಕೆರೆದರೆ ಒಂದಿದ್ದದ್ದು ನಾಲ್ಕಾಗಬಹುದು. ಸಿರಿಂಜಿನಿಂದ ಒಂದೊಂದಾಗಿ ಹೀರಿ ಹೊರಗೆ ಹಾಕಿ. ನಿಮಗೆ ಇನ್ನೂ ಸುಲಭ, ಡಬ್ಬಿಯ ಮೇಲೆಯೇ ಕೂತಿವೆ. ಮರಿಗಳನ್ನು ತಾತ್ಕಾಲಿಕವಾಗಿ ಟ್ಯಾಂಕಿನ ನೀರೇ ತುಂಬಿದ ಬೇರೆ ಪಾತ್ರೆಗೆ ಬಿಟ್ಟು, ಡಬ್ಬಿಯನ್ನು ಹೊರಗೆ ತೆಗೆದು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಎರಡು ವಾರ ಆರ್ಟೀಮಿಯಾ ನಿಲ್ಲಿಸಿ, ಮರಿಗಳಿಗೆ ಪುಡಿ ಮಾಡಿದ ಫ್ಲೇಕ್ಸ್ ಚಿಟಿಕೆಯಷ್ಟು ಕೊಡಿ. ಬೇಟೆ ಸಿಗದಿದ್ದರೆ ಹೈಡ್ರಾ ಸಣ್ಣಗಾಗುತ್ತದೆ, ಕಡಿಮೆಯೂ ಆಗುತ್ತದೆ. ಗೌರಾಮಿ ಮೀನುಗಳು ಹೈಡ್ರಾ ತಿನ್ನುತ್ತವೆ ಅನ್ನುವುದು ನಿಜ. ಆದರೆ ಅವು ಸೀಗಡಿ ಮರಿಯನ್ನೂ ತಿನ್ನುತ್ತವೆ. ಹದಿನಾಲ್ಕು ಮೀನು, ಅದರ ಮೇಲೆ ಬೆಳೆಯುತ್ತಿರುವ ಮರಿಗಳು ಇರುವ 60 ಲೀಟರಿಗೆ ಇನ್ನೊಂದು ಮೀನು ತರುವುದು ನನಗಂತೂ ಒಪ್ಪಿಗೆ ಇಲ್ಲ.

ನೀವು ಬರೆಯದಿದ್ದರೂ ನಾನು ಕೇಳಬೇಕಾದ ಜೀವಿ ಇನ್ನೊಂದಿದೆ, ಪ್ಲನೇರಿಯಾ. ರಾತ್ರಿ ಟಾರ್ಚ್ ಹಿಡಿದಾಗ ಗಾಜಿನ ಮೇಲಿನ ಹುಳಗಳಲ್ಲಿ ಕೆಲವು ಹೊರಳಾಡದೆ, ಚಪ್ಪಟೆಯಾಗಿ, ಎಣ್ಣೆ ಹಚ್ಚಿದ ಹಾಗೆ ನಯವಾಗಿ ಜಾರಿಕೊಂಡು ಹೋಗುತ್ತಿದ್ದರೆ ಅದರ ತಲೆ ನೋಡಿ. ಬಾಣದ ಮೊನೆಯಂಥ ತ್ರಿಕೋನ ತಲೆ, ಅದರ ಮೇಲೆ ಎರಡು ಕಪ್ಪು ಚುಕ್ಕಿ ಕಣ್ಣು, ಅದೂ ಸ್ವಲ್ಪ ಮೆಳ್ಳೆಗಣ್ಣಿನ ಹಾಗೆ. ಅದೇ ಪ್ಲನೇರಿಯಾ. ತಲೆ ದುಂಡಗಿದ್ದು ಮೈ ಎರಡು ಮೂರು ಮಿಲಿಮೀಟರ್ ಅಷ್ಟೇ ಇದ್ದರೆ ಅದು ರ‍್ಯಾಬ್ಡೊಸೀಲಾ ಅನ್ನುವ ಬೇರೆ ಚಪ್ಪಟೆ ಹುಳ, ತೊಂದರೆ ಇಲ್ಲ. ಪ್ಲನೇರಿಯಾ ದೊಡ್ಡ ಮೀನಿಗೆ ಏನೂ ಮಾಡುವುದಿಲ್ಲ. ಆದರೆ ಸೀಗಡಿ ಮರಿ, ಮೀನಿನ ಮೊಟ್ಟೆ, ಪೊರೆ ಕಳಚಿ ಮೆತ್ತಗಾದ ಸೀಗಡಿ ಇವನ್ನು ಬಿಡುವುದಿಲ್ಲ. ಇದನ್ನೂ ಜಜ್ಜಬಾರದು, ಕತ್ತರಿಸಬಾರದು. ಆನುವಂಶಿಕತೆಯ ಕೆಲಸಕ್ಕೆ ಮುಂದೆ 1933ರಲ್ಲಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ ಕೂಡ 1898ರ ಸುಮಾರಿಗೆ ಇವನ್ನು ಚೂರು ಚೂರು ಮಾಡಿ, ಚೂರುಗಳು ಮತ್ತೆ ಹುಳವಾಗುವುದನ್ನು ನೋಡುತ್ತಾ ಕೂತಿದ್ದವರೇ.

ಪ್ಲನೇರಿಯಾ ಹಿಡಿಯಲು ಬಲೆ ಒಳ್ಳೆಯದು. ಮುಚ್ಚಳವಿರುವ ಸಣ್ಣ ಬಾಟಲಿಗೆ ಒಂದೆರಡು ಮಿಲಿಮೀಟರ್ ತೂತು ಮಾಡಿ, ಒಳಗೆ ಹಸಿ ಮಾಂಸದ ಸಣ್ಣ ಚೂರು ಇಟ್ಟು, ಲೈಟ್ ಆರಿದ ಮೇಲೆ ತಳದಲ್ಲಿ ಮಲಗಿಸಿ. ಎರಡು ಮೂರು ಗಂಟೆ ಬಿಟ್ಟು ತೆಗೆಯಿರಿ. ರಾತ್ರಿಯಿಡೀ ಬಿಟ್ಟರೆ ತಿಂದು ಮುಗಿಸಿ ವಾಪಸ್ ಹೋಗಿರುತ್ತವೆ, ಮಾಂಸ ಕೊಳೆತು ನೀರೂ ಕೆಡುತ್ತದೆ.

ಬಸವನಹುಳುಗಳಿಗೆ ಬರೋಣ. ಚಿಪ್ಪಿನ ಚೂಪು ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಬಾಯಿ ಎಡಗಡೆ ಇದ್ದರೆ ಬ್ಲ್ಯಾಡರ್ ಸ್ನೇಲ್. ಗಿಡದ ಜೊತೆ ಬರುವುದರಲ್ಲಿ ಇದೇ ಜಾಸ್ತಿ. ಎಲೆಗಳ ಅಡಿಯಲ್ಲಿ ಲೋಳೆಯಂಥ ಪಾರದರ್ಶಕ ಮೊಟ್ಟೆಯ ಗುಂಪು ಇಡುತ್ತದೆ. ಜೊತೆಗಾರ ಸಿಗದಿದ್ದರೂ ಒಂದೇ ಹುಳು ಸಂತಾನ ಬೆಳೆಸಬಲ್ಲದು, ಹಾಗಾಗಿ ಒಂದೇ ಬಂದಿತ್ತು ಅನ್ನುವ ಸಮಾಧಾನಕ್ಕೆ ಅರ್ಥವಿಲ್ಲ. ಆದರೆ ಇವು ಪಾಚಿ, ಕೊಳೆತ ಎಲೆ, ಮಿಕ್ಕ ಫುಡ್ ತಿನ್ನುತ್ತವೆ, ಚೆನ್ನಾಗಿರುವ ಗಿಡವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಸವನಹುಳು ಎಲೆ ತಿಂದುಬಿಟ್ಟಿತು ಅಂತ ದೂರು ಬಂದಾಗ ನಾನು ಮೊದಲು ಕೇಳುವುದು ಎಲೆ ಮೊದಲೇ ಕೊಳೆತಿತ್ತಾ ಅಂತ. ಸಂಖ್ಯೆ ಕಡಿಮೆ ಮಾಡಬೇಕಾದರೆ ರಾತ್ರಿ ಸೌತೆಕಾಯಿ ಬಿಲ್ಲೆ ಮುಳುಗಿಸಿಟ್ಟು ಬೆಳಿಗ್ಗೆ ಅದಕ್ಕೆ ಮುತ್ತಿದವನ್ನು ಒಟ್ಟಿಗೆ ತೆಗೆಯಿರಿ. ಬಸವನಹುಳು ಕೊಲ್ಲುವ ಔಷಧಿಗಳಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ತಾಮ್ರ ಸೀಗಡಿಗೆ ವಿಷ. ಅದೂ ಅಲ್ಲದೆ ಜಲ್ಲಿಯ ಸಂದಿಯಲ್ಲಿ ನೂರಾರು ಹುಳು ಒಟ್ಟಿಗೆ ಸತ್ತು ಕೊಳೆತರೆ ಅಮೋನಿಯಾ ಏರಿ ಮೀನೂ ಹೋಗುತ್ತದೆ.

ಗಿಡದ ಜೊತೆ ನಿಜವಾಗಿ ಹೆದರಬೇಕಾದ್ದು ಏನಾದರೂ ಬಂದರೆ ಅದು ಏರೋಪ್ಲೇನ್ ಚಿಟ್ಟೆಯ ಮರಿ. ಕಡ್ಡಿಯಂಥ ಮೈ, ಆರು ಕಾಲು, ದಪ್ಪ ಕಣ್ಣು. ತೆಳ್ಳಗಿನ ಜಾತಿಯದಾದರೆ ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರು. ಕೆಳತುಟಿಯನ್ನು ಕೈಯ ಹಾಗೆ ಮುಂದೆ ಚಿಮ್ಮಿಸಿ ಬೇಟೆ ಹಿಡಿಯುತ್ತದೆ. ಮರಿ ಮೀನು, ಸೀಗಡಿ ದಿನಕ್ಕೊಂದರಂತೆ ಮಾಯವಾಗುತ್ತಿದ್ದರೆ ಗಿಡಗಳ ಬುಡದಲ್ಲಿ ಹುಡುಕಿ, ಬಲೆಯಲ್ಲಿ ಹಿಡಿದು ತೆಗೆಯಿರಿ. ಔಷಧಿಯ ಗೊಡವೆ ಬೇಡ. ಜಿಗಣೆಯೂ ಬರಬಹುದು. ಎರಡೂ ತುದಿಯಲ್ಲಿ ಅಂಟಿಕೊಂಡು ಮೈ ಕಮಾನು ಮಾಡುತ್ತಾ ನಡೆಯುತ್ತದೆ. ಟ್ಯಾಂಕಿಗೆ ಬರುವವು ಹೆಚ್ಚಾಗಿ ಬಸವನಹುಳು ತಿನ್ನುವ ಸಣ್ಣ ಜಾತಿಯವು. ಕಂಡಾಗ ತೆಗೆದರೆ ಸಾಕು.

ಈಗ ಟ್ಯಾಂಕ್ ಖಾಲಿ ಮಾಡುವ ಸಲಹೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಫಿಲ್ಟರಿನ ಸ್ಪಂಜಿನಲ್ಲಿ ಮತ್ತು ಜಲ್ಲಿಯ ಮೇಲೆ. ನೀರಿನಲ್ಲಿ ಅಷ್ಟಾಗಿ ಇಲ್ಲ. ಜಲ್ಲಿ ಕುದಿಸಿ, ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ಅವೆಲ್ಲ ಹೋದವು. ಮತ್ತೆ ನೆಲೆಯೂರಲು ನಾಲ್ಕರಿಂದ ಆರು ವಾರ. ಅಷ್ಟು ದಿನವೂ ನಿಮ್ಮ ಮೀನುಗಳು ತಮ್ಮದೇ ಅಮೋನಿಯಾದಲ್ಲಿ ಈಜಬೇಕು. ಹುಳಕ್ಕೆ ಹೆದರಿ ಟ್ಯಾಂಕ್ ತೊಳೆದು, ಹತ್ತು ದಿನದೊಳಗೆ ಅರ್ಧ ಮೀನು ಕಳೆದುಕೊಂಡವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಹುಳದ ವಿಷ ಇನ್ನೂ ಉಳಿದಿತ್ತು ಅಂತಲೇ ನಂಬಿರುತ್ತಾರೆ. ಇನ್ನೂ ಒಂದು ವಿಷಯ. ಹೀಗೆ ತೊಳೆದ ಟ್ಯಾಂಕಿಗೆ ಅದೇ ಗಿಡ ವಾಪಸ್ ನೆಟ್ಟರೆ, ಅದೇ ಲೆಕ್ಕದಲ್ಲಿ ಫುಡ್ ಹಾಕಿದರೆ, ಕೆಲವು ತಿಂಗಳಲ್ಲಿ ಹುಳವೂ ವಾಪಸ್ ಬಂದಿರುತ್ತದೆ.

ನಾನಾದರೆ ಇವತ್ತು ರಾತ್ರಿಯಿಂದಲೇ ಏರ್ ಪಂಪ್ ಶುರು ಮಾಡುತ್ತೇನೆ. ಅದಿಲ್ಲದಿದ್ದರೆ ಫಿಲ್ಟರಿನ ನೀರು ಬೀಳುವ ಬಾಯಿಯನ್ನು ನೀರಿನ ಮೇಲ್ಮೈ ಅಲುಗುವಂತೆ ತಿರುಗಿಸುತ್ತೇನೆ. ದೊಡ್ಡ ಮೀನುಗಳಿಗೆ ಎರಡು ದಿನ ಉಪವಾಸ. ಆರೋಗ್ಯವಾಗಿರುವ ಮೀನಿಗೆ ಇದರಿಂದ ಏನೂ ಆಗುವುದಿಲ್ಲ. ಮರಿಗಳಿಗೆ ಮಾತ್ರ ಕೊಡಿ. ಆಮೇಲೆ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಫುಡ್ ಡಬ್ಬಿಯನ್ನು ಮಗನ ಕೈಗೆ ಸಿಗದ ಕಡೆ ಇಡಿ, ದಿನದ ಪಾಲನ್ನು ಸಣ್ಣ ಬಟ್ಟಲಿಗೆ ಹಾಕಿ ಅವನ ಕೈಗೆ ಕೊಡಿ. ಹಾಕುವ ಖುಷಿ ಅವನಿಗೆ ಇರಲಿ, ಲೆಕ್ಕ ನಿಮ್ಮ ಕೈಯಲ್ಲಿರಲಿ.

ಜಲ್ಲಿಯನ್ನು ಸೈಫನ್ ಪೈಪಿನಿಂದ ಕ್ಲೀನ್ ಮಾಡಿ, ಆದರೆ ಒಂದು ಸಲಕ್ಕೆ ಅರ್ಧ ಭಾಗ ಮಾತ್ರ. ಪೈಪನ್ನು ಜಲ್ಲಿಯೊಳಗೆ ಚುಚ್ಚಿದಾಗ ಕಂದು ಬಣ್ಣದ ಕೊಳೆ ಮೋಡದ ಹಾಗೆ ಏಳುತ್ತದೆ, ಅದರ ಜೊತೆ ಹುಳಗಳೂ ಬರುತ್ತವೆ. ಜಲ್ಲಿ ಖಡಖಡ ಅಂತ ಮೇಲೆದ್ದು ಮತ್ತೆ ಕೆಳಗೆ ಬೀಳುತ್ತದೆ. ನೀರು ತಿಳಿಯಾಗಿ ಬರಲು ಶುರುವಾದ ಮೇಲೆ ಪಕ್ಕದ ಜಾಗಕ್ಕೆ ಹೋಗಿ. ಹೀಗೆ ನಾಲ್ಕನೇ ಒಂದು ಭಾಗ ನೀರು ತೆಗೆದು, ಅದೇ ಬಿಸಿಯ, ಕ್ಲೋರಿನ್ ತೆಗೆದ ಹೊಸ ನೀರು ತುಂಬಿ. ಉಳಿದರ್ಧ ಜಲ್ಲಿ ನಾಲ್ಕು ದಿನ ಬಿಟ್ಟು. ಫಿಲ್ಟರಿನ ಸ್ಪಂಜನ್ನು ಬೇರೆ ದಿನ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಎರಡು ಮೂರು ವಾರದಲ್ಲಿ ಗಾಜಿನ ಮೇಲಿನ ಹುಳ ಕಾಣದಾಗುತ್ತದೆ. ಪೂರ್ತಿ ಹೋಗಿರುವುದಿಲ್ಲ, ಜಲ್ಲಿಗೆ ಇಳಿದಿರುತ್ತದೆ. ಮುಂದೆ ಯಾವಾಗಲಾದರೂ ಮತ್ತೆ ಗಾಜು ಹತ್ತಿದರೆ ಫುಡ್ ಜಾಸ್ತಿಯಾಯ್ತಾ, ಪಂಪ್ ನಿಂತಿದೆಯಾ ಅಂತ ನೋಡಿ.

ಔಷಧಿ ಯಾವಾಗ? ಪ್ಲನೇರಿಯಾ ಖಚಿತವಾಗಿದ್ದು ಬಲೆಗೆ ಬಗ್ಗದಿದ್ದರೆ, ಅಥವಾ ಹೈಡ್ರಾ ಟ್ಯಾಂಕ್ ತುಂಬ ಹಬ್ಬಿ ಸೀಗಡಿ ಮರಿ ಉಳಿಯದಿದ್ದರೆ ಮಾತ್ರ. ಬಳಕೆಯಲ್ಲಿರುವುದು ಎರಡು. ಒಂದು ಫೆನ್‌ಬೆಂಡಜೋಲ್, ನಾಯಿಗಳಿಗೆ ಜಂತುಹುಳಕ್ಕೆ ಕೊಡುವ ಔಷಧಿ. ಇನ್ನೊಂದು ಅಡಿಕೆಯ ಸಾರದಿಂದ ಮಾಡಿದ ಪುಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಹುಳಗಳ ನರಗಳನ್ನು ಮರಗಟ್ಟಿಸುತ್ತದೆ. ಹಿಂದೆ ನಾಯಿಗಳ ಲಾಡಿಹುಳಕ್ಕೂ ಅದನ್ನೇ ಕೊಡುತ್ತಿದ್ದರು. ಹಾಗಂತ ಮನೆಯ ಅಡಿಕೆ ಕುಟ್ಟಿ ಹಾಕುವ ಯೋಚನೆ ಮಾಡಬೇಡಿ. ಅದರಲ್ಲಿ ಅರೆಕೋಲಿನ್ ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಸರಿಯಾದ ಪ್ರಮಾಣದಲ್ಲಿ ಇವೆರಡನ್ನೂ ಸೀಗಡಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಬಸವನಹುಳುಗಳಲ್ಲಿ ಎಲ್ಲವೂ ತಡೆಯುವುದಿಲ್ಲ. ನೆರೈಟ್, ಮಿಸ್ಟರಿ ಸ್ನೇಲ್ ಥರದವನ್ನು ಇಷ್ಟಪಟ್ಟು ಸಾಕಿದ್ದರೆ ಅವು ಸಾಯಬಹುದು. ಔಷಧಿಯ ಅಂಶ ಜಲ್ಲಿಯಲ್ಲಿ ಬಹಳ ಕಾಲ ಉಳಿಯುವುದರಿಂದ ಆಮೇಲೆ ತಂದು ಬಿಟ್ಟರೂ ಕಷ್ಟವೇ. ಹುಳ ಒಟ್ಟಿಗೆ ಸತ್ತಾಗ ಅಮೋನಿಯಾ ಏರುತ್ತದೆ, ಆದ್ದರಿಂದ ಮೊದಲು ಜಲ್ಲಿ ಕ್ಲೀನ್ ಮಾಡಿ, ಆಮೇಲೆ ಔಷಧಿ, ಅದಾದ ಮೇಲೆ ನೀರು ಬದಲಾಯಿಸುವುದು. ಲೆಕ್ಕ ಹಾಕುವಾಗ 60 ಲೀಟರ್ ಅಂತ ಹಿಡಿಯಬೇಡಿ. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಮ್ಮ ಟ್ಯಾಂಕಿನಲ್ಲಿ ನೀರು ಸುಮಾರು 50 ಲೀಟರ್ ಇದ್ದೀತು. ಒಳಗೇನಿದೆ ಅಂತ ಬರೆಯದ, ಎಲ್ಲ ರೋಗಕ್ಕೂ ಒಂದೇ ಅನ್ನುವ ಬಾಟಲಿಗಳನ್ನು ಸೀಗಡಿ ಇರುವ ಟ್ಯಾಂಕಿಗೆ ಹಾಕಲೇಬಾರದು. ಉಪ್ಪು ಹಾಕಲಾ ಅಂತಲೂ ಹಲವರು ಕೇಳುತ್ತಾರೆ. ಹುಳ ಸಾಯುವಷ್ಟು ಉಪ್ಪು ಹಾಕಿದರೆ ಗಿಡಗಳೂ ಟೆಟ್ರಾಗಳೂ ಅದಕ್ಕೂ ಮೊದಲೇ ಸೊರಗುತ್ತವೆ.

ಮುಂದೆ ಗಿಡ ತಂದಾಗ ನೇರ ಟ್ಯಾಂಕಿಗೆ ನೆಡಬೇಡಿ. ಬೆಳಕು ಬೀಳುವ ಕಡೆ ಒಂದು ಬಕೆಟ್‌ನಲ್ಲಿ ಎರಡು ಮೂರು ವಾರ ಇಡಿ. ಮೊಟ್ಟೆ ಒಡೆದು ಬರುವುದೆಲ್ಲ ಅಲ್ಲೇ ಬರುತ್ತದೆ. ಪರಿಮಳ ಇಲ್ಲದ ಸಾದಾ ಬ್ಲೀಚ್ ಒಂದು ಪಾಲು, ನೀರು ಹತ್ತೊಂಬತ್ತು ಪಾಲು ಬೆರೆಸಿ ಎರಡು ನಿಮಿಷದೊಳಗೆ ಅದ್ದಿ ತೆಗೆದು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಿನಲ್ಲಿ ಚೆನ್ನಾಗಿ ತೊಳೆಯುವವರೂ ಇದ್ದಾರೆ. ಗಟ್ಟಿ ಎಲೆಯ ಅನುಬಿಯಾಸ್ ಅದನ್ನು ತಡೆಯುತ್ತದೆ. ಮೆತ್ತನೆಯ ಗಿಡ, ಪಾಚಿಯಂಥ ಮಾಸ್ ಸುಟ್ಟುಹೋಗುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿ ಸೀಲ್ ಮಾಡಿದ ಕಪ್ಪಿನಲ್ಲಿ ಬರುವ ಟಿಶ್ಯೂ ಕಲ್ಚರ್ ಗಿಡಗಳಲ್ಲಿ ಈ ರಗಳೆ ಇಲ್ಲ.

ಕೊನೆಗೆ ಮಗನ ವಿಷಯ. ನೀವು ಬರೆದ ನಾಲ್ಕು ಜೀವಿಗಳಲ್ಲಿ ಯಾವುದೂ ಮನುಷ್ಯರ ಮೈಗೆ ಹತ್ತುವಂಥದ್ದಲ್ಲ. ಕೈ ಮೇಲೆ ಹರಿದರೂ ಏನೂ ಆಗುವುದಿಲ್ಲ. ಆದರೆ ಟ್ಯಾಂಕಿನ ನೀರಿನಲ್ಲಿ ಕಣ್ಣಿಗೆ ಕಾಣದ ಬೇರೆ ಸಂಗತಿಗಳಿವೆ. ಮೈಕೋಬ್ಯಾಕ್ಟೀರಿಯಂ ಮೆರಿನಮ್ ಅನ್ನುವ ಬ್ಯಾಕ್ಟೀರಿಯಾ ಚರ್ಮದ ಗಾಯದ ಮೂಲಕ ಒಳಗೆ ಹೋಗಬಲ್ಲದು. ಹೊಟ್ಟೆ ಕೆಡಿಸುವ ಸಾಲ್ಮೊನೆಲಾ ಬ್ಯಾಕ್ಟೀರಿಯಾ ಕೂಡ ಇರಬಹುದು. ಕೈಯಲ್ಲಿ ಗಾಯ, ತರಚು ಇದ್ದಾಗ ಅವನೂ ಕೈ ಹಾಕಬಾರದು, ನೀವೂ ಹಾಕಬಾರದು, ಇಲ್ಲವೇ ಗ್ಲೌಸ್ ಹಾಕಿಕೊಳ್ಳಿ. ಉಳಿದ ದಿನ ಕೈ ಹಾಕಿದ ಮೇಲೆ ಸೋಪಿನಿಂದ ತೊಳೆದುಕೊಂಡರೆ ಸಾಕು. ಸೈಫನ್ ಪೈಪನ್ನು ಬಾಯಿಂದ ಹೀರಿ ಶುರು ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕೈ ಬೆರಳಿನ ಮೇಲೋ ಮೊಣಕೈ ಹತ್ತಿರವೋ ಕೆಂಪಗಿನ ಗಂಟು ಎದ್ದು ವಾರಗಟ್ಟಲೆ ವಾಸಿಯಾಗದೆ ಉಳಿದರೆ ಚರ್ಮದ ವೈದ್ಯರಿಗೆ ತೋರಿಸಿ. ಆಗ ಮನೆಯಲ್ಲಿ ಅಕ್ವೇರಿಯಂ ಇದೆ ಅಂತ ಅವರು ಕೇಳುವ ಮುಂಚೆ ನೀವೇ ಹೇಳಿ, ಇಲ್ಲದಿದ್ದರೆ ಅವರಿಗೆ ಆ ಕಡೆ ಯೋಚನೆ ಹೋಗಲು ಕಾರಣವೇ ಇರುವುದಿಲ್ಲ.